ಕೇಳಿ, ಹೇಳುತ್ತೇವೆ: ನಾಲ್ಕು ಟ್ಯಾಬ್, ಇಪ್ಪತ್ತು ಮಕ್ಕಳು

ಪ್ರಶ್ನೆ: ನಮ್ಮ ನಾಲ್ಕನೇ ತರಗತಿಯಲ್ಲಿ 20 ಮಕ್ಕಳು. ದಾನಿಗಳು ಕೊಟ್ಟ 4 ಟ್ಯಾಬ್ ಇವೆ, ನೆಟ್‌ವರ್ಕ್ ಇಲ್ಲ. ಕಳೆಯುವ ಲೆಕ್ಕದ ವಿಡಿಯೊ ಹಾಕಿದರೆ ಬರುವವರಿಗೆ ಬೇಜಾರು, ಬಾರದವರು ನೋಡಿದ ಮೇಲೂ ಇದ್ದಲ್ಲೇ ಇರುತ್ತಾರೆ. ಅವರವರ ಮಟ್ಟಕ್ಕೆ ತಕ್ಕ ಪಾಠ ಮಾಡುವುದು ಹೇಗೆ?
– ಶಿಕ್ಷಕಿ, ಶಿರಸಿ ತಾಲೂಕು

ಉತ್ತರ: ಬೇರೆ ವಿಡಿಯೊ ಹುಡುಕಬೇಡಿ. ಮಗು ಎಲ್ಲಿ ಎಡವುತ್ತಿದೆ ಎಂದು ಹಿಡಿಯುವ ಪ್ರಶ್ನೆ ಮೊದಲು ಬೇಕು. 52–27 ಕೊಟ್ಟಿರೆನ್ನಿ. ಮೇಲೆ ಕೆಳಗೆ ನೋಡದೆ ಚಿಕ್ಕ ಅಂಕಿಯನ್ನು ದೊಡ್ಡ ಅಂಕಿಯಿಂದ ಕಳೆದುಬಿಡುವ ಮಗು 35 ಬರೆಯುತ್ತದೆ. ದಶಕದಿಂದ ಸಾಲ ತಂದು, ದಶಕ ಇಳಿಸಲು ಮರೆತ ಮಗುವೂ 35 ಬರೆಯುತ್ತದೆ. ತಪ್ಪು ಎರಡು, ಉತ್ತರ ಒಂದೇ! ಬಿಡಿ ಅಂಕಿಗಳ ವ್ಯತ್ಯಾಸ 5 ಇದ್ದಾಗಲೆಲ್ಲ ಹೀಗಾಗುತ್ತದೆ. 52–28 ಕೊಡಿ. ಮೊದಲನೆಯ ತಪ್ಪಿಗೆ 36, ಎರಡನೆಯ ತಪ್ಪಿಗೆ 34, ಕೂಡಿಸಿದವರಿಗೆ 80, ಸರಿ ಉತ್ತರ 24. ಈ ನಾಲ್ಕನ್ನೇ ಆಯ್ಕೆಗಳಾಗಿ ಇಡಿ.

ಲ್ಯಾಪ್‌ಟಾಪಿನಲ್ಲಿ ಲುಮಿ ಎಂಬ ಉಚಿತ ತಂತ್ರಾಂಶ ಹಾಕಿ, ಅದರಲ್ಲಿರುವ ಎಚ್‌5ಪಿ (ಒತ್ತಿ ಆಡುವ ಪಾಠ ಕಟ್ಟುವ ಸಲಕರಣೆ) ಎಂಬುದರ ‘ಬ್ರಾಂಚಿಂಗ್ ಸಿನಾರಿಯೊ’ (ಕವಲೊಡೆಯುವ ಪಾಠ) ಮಾದರಿಯಲ್ಲಿ ಒಂದೊಂದು ಉತ್ತರಕ್ಕೂ ಒಂದೊಂದು ದಾರಿ ಮಾಡಿ. 36 ಒತ್ತಿದವರಿಗೆ ಹಿಡಿಕಡ್ಡಿಯ ಎರಡು ಫೋಟೊ: ಹತ್ತು ಕಡ್ಡಿಯ 5 ಕಟ್ಟು 2 ಬಿಡಿ, ಆಮೇಲೆ ಒಂದು ಕಟ್ಟು ಬಿಚ್ಚಿ 4 ಕಟ್ಟು 12 ಬಿಡಿ. 34 ಒತ್ತಿದವರಿಗೆ ಎರಡನೆಯ ಫೋಟೊ ಮಾತ್ರ ತೋರಿಸಿ, ‘ಈಗ ಕಟ್ಟು ಎಷ್ಟು ಉಳಿಯಿತು?’ ಎಂದು ಕೇಳಿ. 80 ಒತ್ತಿದವರಿಗೆ ಚಿಹ್ನೆ ತೋರಿಸಿದರೆ ಸಾಕು. 24 ಒತ್ತಿದವರು ನೇರ 503–168ಕ್ಕೆ ಹೋಗಲಿ. ಅಲ್ಲಿ ನಡುವಿನ ಸೊನ್ನೆಯೇ ಪರೀಕ್ಷೆ.

ವಿವರಣೆ ನಿಮ್ಮದೇ ದನಿಯಲ್ಲಿರಲಿ, ಒಂದು ನಿಮಿಷ ದಾಟದಿರಲಿ. ದನಿಯನ್ನು 64 ಕೆಬಿಪಿಎಸ್ ಮೋನೊದಲ್ಲಿ (ಕಡತ ಹಗುರಾಗಿಸುವ ಆಯ್ಕೆ) ಉಳಿಸಿದರೆ ನಿಮಿಷಕ್ಕೆ ಅರ್ಧ ಎಂಬಿಯಷ್ಟೇ. ಕೊನೆಗೆ ಎಲ್ಲವನ್ನೂ ಒಂದೇ ಎಚ್‌ಟಿಎಂಎಲ್ ಕಡತವಾಗಿ ತೆಗೆಯಿರಿ. ಚಿತ್ರ, ದನಿ ಬೇರೆ ಬೇರೆ ಕಡತಗಳಾದರೆ ಟ್ಯಾಬಿನಲ್ಲಿ ಪಾಠ ತೆರೆದರೂ ಅವು ಕಾಣದೆ ಹೋಗಬಹುದು. ವಿಡಿಯೊ ತುರುಕಿದರೆ ಕಡತ ಭಾರವಾಗಿ ಹಳೆಯ ಟ್ಯಾಬ್ ನಿಂತೇಬಿಡುತ್ತದೆ. ಮೊದಲು ಒಂದೇ ಟ್ಯಾಬಿನಲ್ಲಿ ಹಾಕಿ ನೋಡಿ.

ಒಂದು ಟ್ಯಾಬಿಗೆ ಇಬ್ಬರನ್ನು ಕೂರಿಸಬೇಡಿ; ಚುರುಕು ಕೈಯೇ ಇಬ್ಬರ ಉತ್ತರವನ್ನೂ ಒತ್ತುತ್ತದೆ. 40 ನಿಮಿಷದಲ್ಲಿ ತಲಾ 10 ನಿಮಿಷದ ನಾಲ್ಕು ಸರದಿ ಆಗಬೇಕು, ಲೆಕ್ಕದ ಪ್ರಕಾರ. ಕೈ ಬದಲಾಯಿಸುವ ಗಡಿಬಿಡಿಯಲ್ಲಿ ಮೂರೇ ಆಗುತ್ತವೆ. ಅಂದರೆ 12 ಮಕ್ಕಳು, ಉಳಿದ 8 ಮರುದಿನ. ಕಾಯುವವರ ಕೈಗೆ ನಿಜವಾದ ಹಿಡಿಕಡ್ಡಿ ಕೊಡಿ. ಯಾರು ಯಾವ ಸಂಖ್ಯೆ ಒತ್ತಿದರು ಎಂದು ಪಟ್ಟಿಯಲ್ಲಿ ಬರೆದಿಡಿ. ನಾಳೆಯ ಗುಂಪು ಮಾಡುವುದು ಅದರಿಂದಲೇ, ಟ್ಯಾಬಿನಿಂದಲ್ಲ.

ಮಳೆಗಾಲದಲ್ಲಿ ಕರೆಂಟ್ ಇದ್ದಾಗಲೇ ಚಾರ್ಜ್ ಮಾಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬದಲ್ಲಿಡಿ.

ಪ್ರಶ್ನೆ: ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳಿಗೆ ಟ್ಯಾಬ್ ಪಾಠದ ದನಿ ಯಾವ ಭಾಷೆಯಲ್ಲಿರಬೇಕು?
– ಓದುಗರು, ಕಾರವಾರ

ಉತ್ತರ: ‘ಇದನ್ನು ಒತ್ತು, ಅದನ್ನು ನೋಡು’ ಎಂಬ ಸೂಚನೆ ಕೊಂಕಣಿಯಲ್ಲಿ, ದಶಕ, ಬಿಡಿ, ಕಳೆ ಎಂಬ ಪಾಠದ ಪದಗಳು ಕನ್ನಡದಲ್ಲೇ. ಪರೀಕ್ಷೆಯಲ್ಲಿ ಅವೇ ಬರುತ್ತವೆ. ದನಿಯಲ್ಲಿ ಹೇಳಿದ್ದನ್ನೆಲ್ಲ ಪರದೆಯಲ್ಲೂ ಬರೆಯಬೇಡಿ, ಪಾಠದ ಆ ಒಂದು ಪದ ಬರೆದರೆ ಸಾಕು.