ಆರೋಗ್ಯ ವಿಮೆ: ತೆರಿಗೆ ಹೋದ ಮೇಲೂ ಕಂತು ಏರಿದ್ದೇಕೆ?

ಆರೋಗ್ಯ ವಿಮೆಯ ನಿಯಮಗಳು 2024ರಲ್ಲಿ ಬದಲಾದವು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿದ್ದ ಜಿಎಸ್‌ಟಿಯೂ ಹೋಯಿತು. ಇದರಿಂದ ತಮ್ಮ ಪಾಲಿಸಿಗೆ ಏನಾಯಿತೆಂದು ಕೇಳಿ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಮೊದಲ ಪತ್ರದ ಲೆಕ್ಕ ಬಹಳ ಮಂದಿಗೆ ಅನ್ವಯಿಸುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನಗೆ 66 ವರ್ಷ. ಹೋದ ವರ್ಷ ಆರೋಗ್ಯ ವಿಮೆಗೆ 38,000 ರೂಪಾಯಿ ಕಂತು, ಅದರ ಮೇಲೆ 6,840 ರೂಪಾಯಿ ಜಿಎಸ್‌ಟಿ ಸೇರಿ 44,840 ರೂಪಾಯಿ ಕಟ್ಟಿದ್ದೆ. ಈ ವರ್ಷ ಜಿಎಸ್‌ಟಿ ಇಲ್ಲ. ಆದರೂ ನವೀಕರಣದ ನೋಟಿಸಿನಲ್ಲಿ 42,900 ರೂಪಾಯಿ ಎಂದಿದೆ. ‘ಎರಡು ಸಾವಿರ ಉಳಿಯಿತಲ್ಲ ಸಾರ್’ ಎಂದು ಏಜೆಂಟರು ಹೇಳುತ್ತಾರೆ. ಏಳು ಸಾವಿರದಷ್ಟು ಉಳಿಯಬೇಕಿತ್ತಲ್ಲವೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಏಜೆಂಟರು ಎರಡು ವರ್ಷಗಳ ಒಟ್ಟು ಮೊತ್ತವನ್ನು ಪಕ್ಕಪಕ್ಕ ಇಟ್ಟು 1,940 ರೂಪಾಯಿ ಉಳಿತಾಯ ತೋರಿಸುತ್ತಿದ್ದಾರೆ. ಆದರೆ ಹೋದ ವರ್ಷದ 6,840 ರೂಪಾಯಿ ಸರ್ಕಾರಕ್ಕೆ ಸೇರಿದ್ದು, ಕಂಪನಿಗಲ್ಲ. ಕಂಪನಿಯ ಪಾಲಿನ ಮೂಲ ಕಂತನ್ನು ಮಾತ್ರ ಹೋಲಿಸಿದರೆ 38,000 ಇದ್ದದ್ದು 42,900 ಆಗಿದೆ, ಅಂದರೆ ಹೆಚ್ಚುಕಡಿಮೆ ಶೇಕಡ 13ರಷ್ಟು ಏರಿದೆ. ತೆರಿಗೆ ಎದ್ದುಹೋದ ಜಾಗದಲ್ಲಿ ಕಂತು ಬಂದು ಕೂತಿದೆ. ಅಂದಹಾಗೆ, ಶೇಕಡ 18ರ ತೆರಿಗೆ ಹೋಯಿತೆಂದರೆ ಒಟ್ಟು ಬಿಲ್ಲು ಶೇಕಡ 18ರಷ್ಟು ಇಳಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಮೂಲ ಕಂತು ಒಂದು ರೂಪಾಯಿಯೂ ಏರದಿದ್ದರೂ 44,840ರಲ್ಲಿ 6,840 ಎಂದರೆ ಶೇಕಡ 15ಕ್ಕಿಂತ ತುಸು ಹೆಚ್ಚು, ಅಷ್ಟೇ.

ಮೂಲ ಕಂತು ಏರಿದ್ದಕ್ಕೆ ಕಂಪನಿಗಳ ಬಳಿ ಒಂದು ಕಾರಣವಿದೆ, ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಏಜೆಂಟರ ಕಮಿಷನ್, ಕಚೇರಿಯ ಬಾಡಿಗೆ, ಕಂಪ್ಯೂಟರ್ ಸೇವೆ ಮುಂತಾದವಕ್ಕೆ ಕಂಪನಿ ತಾನೂ ಜಿಎಸ್‌ಟಿ ಕಟ್ಟುತ್ತಿತ್ತು. ನಮ್ಮಿಂದ ವಸೂಲಿ ಮಾಡಿದ ಜಿಎಸ್‌ಟಿಯಲ್ಲಿ ಅದನ್ನು ಮುರಿದುಕೊಂಡು ಉಳಿದದ್ದನ್ನು ಸರ್ಕಾರಕ್ಕೆ ಕಳಿಸುತ್ತಿತ್ತು. ಈಗ ನಮ್ಮಿಂದ ವಸೂಲಿಯೇ ಇಲ್ಲವಾದ್ದರಿಂದ ಮುರಿದುಕೊಳ್ಳಲು ಏನೂ ಇಲ್ಲ, ಹೀಗಾಗಿ ಆ ತೆರಿಗೆ ಕಂಪನಿಯ ಖರ್ಚಾಗಿ ಉಳಿಯುತ್ತದೆ. ಅದರ ಜೊತೆಗೆ ಆಸ್ಪತ್ರೆಯ ದರಗಳು ವರ್ಷವರ್ಷ ಏರುತ್ತಿವೆ, ಪಾಲಿಸಿದಾರರ ವಯಸ್ಸೂ ಏರುತ್ತದೆ. ಆದರೆ ಈ ಕಾರಣಗಳು ಎಷ್ಟೇ ನಿಜವಿದ್ದರೂ ನಿಮ್ಮ ವಯಸ್ಸಿನವರ ವಿಷಯದಲ್ಲಿ ಕಂಪನಿಯ ಕೈ ಕಟ್ಟಿದೆ. 60 ದಾಟಿದವರ ಕಂತನ್ನು ಒಂದು ವರ್ಷದಲ್ಲಿ ಶೇಕಡ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಮೊದಲೇ ತನ್ನೊಡನೆ ಸಮಾಲೋಚಿಸಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವು 2025ರ ಜನವರಿಯಲ್ಲಿ ಆದೇಶಿಸಿದೆ. ನಿಮ್ಮದು ಆ ಗೆರೆಯನ್ನು ದಾಟಿದೆ.

ದೂರು ಬರೆಯುವ ಮೊದಲು ವಿಮಾ ಮೊತ್ತವನ್ನು ಹೆಚ್ಚಿಸಲಾಗಿದೆಯೇ, ನಿಮಗೆ ತಿಳಿಯದಂತೆ ಹೆಚ್ಚುವರಿ ಸೌಲಭ್ಯವೇನಾದರೂ ಸೇರಿಕೊಂಡಿದೆಯೇ, ಹೋದ ವರ್ಷ ಸಿಕ್ಕಿದ್ದ ರಿಯಾಯಿತಿ ಈ ವರ್ಷ ತಪ್ಪಿದೆಯೇ ಎಂದು ಹಳೆಯ ಪಾಲಿಸಿಯನ್ನು ಪಕ್ಕದಲ್ಲಿಟ್ಟು ನೋಡಿ. ಇವು ಯಾವುವೂ ಅಲ್ಲವಾದರೆ ಏರಿಕೆಯ ಕಾರಣವನ್ನು ಲಿಖಿತವಾಗಿ ಕೊಡುವಂತೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲೂ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಈ ಪತ್ರವ್ಯವಹಾರ ನಡೆಯುತ್ತಿರುವಾಗ ಕೋಪದಲ್ಲಿ ಕಂತು ಕಟ್ಟದೆ ಇರಬೇಡಿ. ಪಾಲಿಸಿ ಒಮ್ಮೆ ಕಡಿದುಹೋದರೆ ಇಷ್ಟು ವರ್ಷ ಕಾದು ಗಳಿಸಿಕೊಂಡ ಹಕ್ಕುಗಳೂ ಅದರೊಂದಿಗೆ ಹೋಗುತ್ತವೆ.

ಈ ಶೇಕಡ 10ರ ಮಿತಿ 60 ದಾಟದವರಿಗಿಲ್ಲ. ಹಿರಿಯರಿಂದ ವಸೂಲಿ ಮಾಡಲಾಗದ್ದನ್ನು ಕಂಪನಿಗಳು ನಲವತ್ತು ಐವತ್ತರ ವಯಸ್ಸಿನವರ ಮೇಲೆ ಹೊರಿಸಬಹುದೆಂಬ ಶಂಕೆ ನನಗಿದೆ. ಆ ವಯಸ್ಸಿನ ಓದುಗರೂ ಮೂಲ ಕಂತನ್ನು ಮೂಲ ಕಂತಿನೊಂದಿಗೇ ಹೋಲಿಸಿ ನೋಡಬೇಕು.

ಪ್ರಶ್ನೆ: ನನಗೆ 43 ವರ್ಷ, ಆರು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಗ ಹೊಸದಾಗಿ ಪಾಲಿಸಿ ಮಾಡಿಸಬೇಕೆಂದಿದ್ದೇನೆ. ‘ಸಕ್ಕರೆ ವಿಷಯ ಬರೆಯುವುದು ಬೇಡ, ಕಂತು ಜಾಸ್ತಿ ಆಗುತ್ತದೆ, ಹೊಸ ನಿಯಮದಲ್ಲಿ ಐದು ವರ್ಷ ಆದ ಮೇಲೆ ಯಾರೂ ಕೇಳುವ ಹಾಗಿಲ್ಲ’ ಎಂದು ಪರಿಚಯದ ಏಜೆಂಟರು ಹೇಳುತ್ತಿದ್ದಾರೆ. ಇದು ನಿಜವೇ?
— ಕಿರಾಣಿ ವ್ಯಾಪಾರಿ, ದಾವಣಗೆರೆ

ಉತ್ತರ: ಅರ್ಧ ನಿಜ, ಆದ್ದರಿಂದಲೇ ಅಪಾಯಕಾರಿ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಎರಡು ಬೇರೆಬೇರೆ ಅವಧಿಗಳನ್ನು ಕಡಿಮೆ ಮಾಡಿದವು. ನಿಮ್ಮ ಏಜೆಂಟರು ಅವೆರಡನ್ನೂ ಕಲಸಿಬಿಟ್ಟಿದ್ದಾರೆ. ಮೊದಲನೆಯದು, ಪಾಲಿಸಿ ಮಾಡಿಸುವ ಮೊದಲೇ ಇದ್ದು ಅರ್ಜಿಯಲ್ಲಿ ಹೇಳಿಕೊಂಡ ಕಾಯಿಲೆಗೆ ಕಾಯಬೇಕಾದ ಅವಧಿ. ಅದು ಹಿಂದೆ 48 ತಿಂಗಳವರೆಗೆ ಇರಬಹುದಿತ್ತು, ಈಗ 36 ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ಎರಡನೆಯದು, ಅರ್ಜಿಯಲ್ಲಿ ವಿಷಯ ಮುಚ್ಚಿಟ್ಟಿರಿ ಎಂಬ ನೆಪದಿಂದ ಕಂಪನಿ ಕ್ಲೇಮನ್ನು ಪ್ರಶ್ನಿಸಬಹುದಾದ ಅವಧಿ. ಅದು ಎಂಟು ವರ್ಷ ಇದ್ದದ್ದು ಐದು ವರ್ಷಕ್ಕೆ ಇಳಿದಿದೆ. ಆದರೆ ಐದು ವರ್ಷದ ನಂತರವೂ ವಂಚನೆ ಸಾಬೀತಾದರೆ ಕಂಪನಿಗೆ ಕ್ಲೇಮು ನಿರಾಕರಿಸುವ ಹಕ್ಕು ಇದ್ದೇ ಇದೆ. ದಿನವೂ ಮಾತ್ರೆ ನುಂಗುತ್ತಿದ್ದವರು ಕಾಯಿಲೆಯೇ ಇಲ್ಲ ಎಂದು ಸಹಿ ಹಾಕಿದರೆ ಅದು ಮರೆವು ಎಂದು ವಾದಿಸುವುದು ಕಷ್ಟ.

ಈ ಐದು ವರ್ಷ ಏನೂ ಆಗದೆ ಕಳೆಯುತ್ತದೆ ಎಂದು ಯಾರು ಹೇಳಿದರು? ಎರಡನೇ ವರ್ಷದಲ್ಲಿ ಎದೆನೋವಿಗೆ ಆಸ್ಪತ್ರೆ ಸೇರಿದಿರಿ ಎಂದಿಟ್ಟುಕೊಳ್ಳಿ. ದಾಖಲಾದ ಕೂಡಲೇ ಡ್ಯೂಟಿ ಡಾಕ್ಟರು ‘ಷುಗರ್ ಎಷ್ಟು ವರ್ಷದಿಂದ?’ ಎಂದು ಕೇಳುತ್ತಾರೆ, ಗಾಬರಿಯಲ್ಲಿರುವ ಮನೆಯವರು ‘ಆರೇಳು ವರ್ಷ’ ಎನ್ನುತ್ತಾರೆ, ಅದು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ, ಕಂಪನಿ ಮೊದಲು ತರಿಸಿಕೊಳ್ಳುವ ಕಾಗದವೂ ಅದೇ. ಆಗ ಕ್ಲೇಮು ಮಾತ್ರವಲ್ಲ, ಪಾಲಿಸಿಯೂ ರದ್ದಾಗಬಹುದು. ಅದೇ ಕಾಯಿಲೆಯನ್ನು ಹೇಳಿಕೊಂಡಿದ್ದರೆ ಹೆಚ್ಚೆಂದರೆ ಕಂತು ಸ್ವಲ್ಪ ಏರುತ್ತಿತ್ತು, ಇಲ್ಲವೇ ಒಂದು ಕಂಪನಿ ಒಪ್ಪದೆ ಇನ್ನೊಂದನ್ನು ನೋಡಬೇಕಾಗುತ್ತಿತ್ತು. ಹೆಚ್ಚಿನ ಕಂತಿಗೆ ಮೊದಲ ದಿನದಿಂದಲೇ ಸಕ್ಕರೆ ಕಾಯಿಲೆಗೆ ರಕ್ಷಣೆ ಕೊಡುವ ಪಾಲಿಸಿಗಳೂ ಮಾರುಕಟ್ಟೆಯಲ್ಲಿವೆ. ಅರ್ಜಿಯನ್ನು ಏಜೆಂಟರೇ ತುಂಬಿ ನಿಮ್ಮಿಂದ ಒಟಿಪಿ ಮಾತ್ರ ಕೇಳುವ ಕಾಲವಿದು. ಒಟಿಪಿ ಹೇಳುವ ಮೊದಲು ಆರೋಗ್ಯದ ಪ್ರಶ್ನೆಗಳಿಗೆ ಅವರು ಏನು ಉತ್ತರ ತುಂಬಿದ್ದಾರೆಂದು ಓದಿ. ಮುಂದೆ ವಿಮಾ ಮೊತ್ತವನ್ನು ಐದು ಲಕ್ಷದಿಂದ ಹತ್ತಕ್ಕೆ ಏರಿಸಿದರೆ ಏರಿಸಿದ ಐದು ಲಕ್ಷಕ್ಕೆ ಈ ಎರಡೂ ಅವಧಿಗಳು ಹೊಸದಾಗಿ ಶುರುವಾಗುತ್ತವೆ ಎಂಬುದೂ ನೆನಪಿರಲಿ.

ಇಂಥ ಸುಧಾರಣೆಗಳಿಗೆ ಬೆಲೆಯೂ ಇದೆ. ಕಾಯುವ ಅವಧಿ ಒಂದು ವರ್ಷ ಕಡಿಮೆಯಾದರೆ ಕ್ಲೇಮುಗಳು ಒಂದು ವರ್ಷ ಮೊದಲೇ ಬರುತ್ತವೆ, ಆ ಹಣವನ್ನು ಕಂಪನಿ ಎಲ್ಲರ ಕಂತಿನಿಂದಲೇ ಹೊಂದಿಸುತ್ತದೆ. ನನಗೆ ಕೇಳಿದರೆ ಇದು ಕೊಡತಕ್ಕ ಬೆಲೆಯೇ.

ಪ್ರಶ್ನೆ: ನಗದುರಹಿತ ಚಿಕಿತ್ಸೆಗೆ ಮೂರು ಗಂಟೆಯೊಳಗೆ ಡಿಸ್ಚಾರ್ಜ್ ಎಂಬ ನಿಯಮ ಬಂದಿದೆಯೆಂದು ಓದಿದ್ದೆ. ನಮ್ಮ ತಾಯಿಯವರನ್ನು ಬೆಳಿಗ್ಗೆ ಹತ್ತಕ್ಕೆ ‘ಮನೆಗೆ ಹೋಗಬಹುದು’ ಎಂದರು, ಬಿಟ್ಟದ್ದು ರಾತ್ರಿ ಎಂಟಕ್ಕೆ. ಆ ದಿನದ ಕೋಣೆಯ ಬಾಡಿಗೆಯನ್ನೂ ನಾವೇ ಕಟ್ಟಿದೆವು.
— ಓದುಗರು, ಹುಬ್ಬಳ್ಳಿ

ಉತ್ತರ: ನಿಯಮ ನಿಜ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ 29ರ ಸುತ್ತೋಲೆಯ ಪ್ರಕಾರ ನಗದುರಹಿತ ಚಿಕಿತ್ಸೆಯ ಕೋರಿಕೆಯನ್ನು ಕಂಪನಿ ಒಂದು ಗಂಟೆಯೊಳಗೆ ತೀರ್ಮಾನಿಸಬೇಕು. ಬಿಡುಗಡೆಯ ಹೊತ್ತಿನ ಅಂತಿಮ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚಿಗೆ ಹಣ ಕೇಳಿದರೆ ಅದನ್ನು ಕಂಪನಿಯೇ ಭರಿಸಬೇಕು. ಆದರೆ ಈ ಮೂರು ಗಂಟೆ ಶುರುವಾಗುವುದು ವೈದ್ಯರು ‘ಹೋಗಬಹುದು’ ಎಂದಾಗ ಅಲ್ಲ, ಆಸ್ಪತ್ರೆಯ ಕೋರಿಕೆ ಕಂಪನಿಗೆ ತಲುಪಿದಾಗ. ಔಷಧಿ ವಾಪಸಾತಿ, ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಎಂದು ಆಸ್ಪತ್ರೆಯೊಳಗೇ ನಾಲ್ಕೈದು ಗಂಟೆ ಹೋಗುವುದುಂಟು. ಕೋರಿಕೆ ಎಷ್ಟು ಹೊತ್ತಿಗೆ ಹೋಯಿತೆಂಬ ದಾಖಲೆಯನ್ನು ಆಸ್ಪತ್ರೆಯ ವಿಮಾ ವಿಭಾಗದಿಂದ ಪಡೆಯಿರಿ. ತಡ ಕಂಪನಿಯದಾದರೆ ಬಾಡಿಗೆಯನ್ನು ಅವರಿಂದ ಕೇಳಿ. ಆಸ್ಪತ್ರೆಯದಾದರೆ ಈ ನಿಯಮ ನಿಮ್ಮ ನೆರವಿಗೆ ಬಾರದು.

ಪ್ರಶ್ನೆ: ಅಮೆರಿಕದಲ್ಲಿ ಸ್ವಂತ ವೃತ್ತಿ ಮಾಡುವ ನನ್ನ ಮಗಳ ವಿಮೆಯ ಕಂತು 2026ರ ಜನವರಿಯಲ್ಲಿ ಒಮ್ಮೆಲೇ ಏರಿತು. ಅಲ್ಲಿ ಇದನ್ನು ತಡೆಯಲು ಕಾನೂನಿದೆ ಎನ್ನುತ್ತಾರಲ್ಲ?
— ಗೃಹಿಣಿ, ಮೈಸೂರು

ಉತ್ತರ: ಒಬಾಮ ಅವರ ಕಾಲದ 2010ರ ಕಾನೂನು 2014ರಿಂದ ಅಲ್ಲಿನ ಕಂಪನಿಗಳ ಕೈಯಿಂದ ಒಂದು ದೊಡ್ಡ ಅಸ್ತ್ರವನ್ನು ಕಿತ್ತುಕೊಂಡಿತು: ಕಾಯಿಲೆಯಿದೆ ಎಂದು ಪಾಲಿಸಿ ನಿರಾಕರಿಸುವಂತಿಲ್ಲ, ಹೆಚ್ಚು ಕಂತು ಕೇಳುವಂತಿಲ್ಲ. ವಯಸ್ಸು, ವಾಸದ ಊರು, ತಂಬಾಕು ಸೇವನೆ, ಎಷ್ಟು ಮಂದಿಗೆ ಪಾಲಿಸಿ ಎಂಬುದರ ಮೇಲೆ ಮಾತ್ರ ದರ ಬದಲಾಗಬಹುದು. ವಯಸ್ಸಾದ ವಯಸ್ಕರಿಗೆ ಎಳೆಯ ವಯಸ್ಕರಿಗಿಂತ ಮೂರು ಪಟ್ಟು ಮೀರಿ ವಿಧಿಸುವಂತಿಲ್ಲ. ಈ ವ್ಯವಸ್ಥೆಯಲ್ಲಿ ಕಂತು ಎಲ್ಲರಿಗೂ ಭಾರವಾಗುವುದರಿಂದ ಸರ್ಕಾರ ಆದಾಯ ನೋಡಿ ಒಂದು ಪಾಲು ಭರಿಸುತ್ತದೆ. 2021ರಲ್ಲಿ ಆ ನೆರವನ್ನು ಹಿಗ್ಗಿಸಿ, ಯಾರೂ ಮಧ್ಯಮ ಮಟ್ಟದ ಯೋಜನೆಗೆ ಆದಾಯದ ಶೇಕಡ 8.5ಕ್ಕಿಂತ ಹೆಚ್ಚು ಕಟ್ಟಬೇಕಿಲ್ಲದಂತೆ ಮಾಡಿದ್ದರು. ಆ ಹೆಚ್ಚುವರಿ ನೆರವಿನ ಅವಧಿ 2025ರ ಕೊನೆಗೆ ಮುಗಿಯಿತು. ಹಾಗಾಗಿ ನಿಮ್ಮ ಮಗಳ ಕಂತಿನಲ್ಲಿ ಕಂಪನಿ ಏರಿಸಿದ್ದೆಷ್ಟು, ಸರ್ಕಾರ ಕೈಬಿಟ್ಟದ್ದೆಷ್ಟು ಎಂದು ಬೇರೆ ಮಾಡಿ ನೋಡುವಂತೆ ತಿಳಿಸಿ.

ಪ್ರಶ್ನೆ: ಬೆಂಗಳೂರಿನಲ್ಲಿ ನನ್ನ ಕಂಪನಿ ಕೊಟ್ಟಿರುವ ವಿಮೆಯಲ್ಲಿ ತಂದೆತಾಯಿಯೂ ಇದ್ದಾರೆ. ಅವರ ಪಾಲಿನ ಕಂತು ನನ್ನ ಸಂಬಳದಿಂದ ಹೋಗುತ್ತದೆ, ಅದರಲ್ಲಿ ಜಿಎಸ್‌ಟಿ ಇನ್ನೂ ಇದೆ. ಇದು ತಪ್ಪಲ್ಲವೇ? ಕೆಲಸ ಬದಲಿಸುವ ಯೋಚನೆಯೂ ಇದೆ.
— ಸಾಫ್ಟ್‌ವೇರ್ ಉದ್ಯೋಗಿ

ಉತ್ತರ: ತಪ್ಪಲ್ಲ. ವಿನಾಯಿತಿ ಸಿಕ್ಕಿದ್ದು ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳಿಗೆ. ನಿಮ್ಮ ಕಂಪನಿ ಕೊಟ್ಟಿರುವಂಥ ಗುಂಪು ವಿಮೆಗೆ ಶೇಕಡ 18 ಹಾಗೆಯೇ ಇದೆ. ಗುಂಪು ವಿಮೆಯ ಷರತ್ತುಗಳು ಪ್ರತಿ ವರ್ಷ ನಿಮ್ಮ ಸಂಸ್ಥೆಗೂ ವಿಮಾ ಕಂಪನಿಗೂ ನಡುವೆ ನಡೆಯುವ ಚೌಕಾಸಿಯಲ್ಲಿ ತೀರ್ಮಾನವಾಗುತ್ತವೆ, ಒಂದು ವರ್ಷ ಕ್ಲೇಮು ಜಾಸ್ತಿಯಾದರೆ ಮೊದಲು ಕತ್ತರಿ ಬೀಳುವುದು ತಂದೆತಾಯಿಯ ಭಾಗಕ್ಕೆ. ಕೆಲಸ ಬಿಡುವಾಗ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆಗೊಳ್ಳಲು ನಿಮಗೂ ತಂದೆತಾಯಿಗೂ ಅವಕಾಶವಿದೆ, ಕಾದ ಅವಧಿಯೂ ಲೆಕ್ಕಕ್ಕೆ ಬರುತ್ತದೆ. ರಾಜೀನಾಮೆ ಕೊಟ್ಟ ವಾರವೇ ಮಾನವ ಸಂಪನ್ಮೂಲ ವಿಭಾಗದ ಮೂಲಕ ಆ ಕೋರಿಕೆ ಕಳಿಸಿ. ಕೊನೆಯ ದಿನ ಕಳೆದರೆ ಗುಂಪಿನ ರಕ್ಷಣೆಯೂ ಮುಗಿದಿರುತ್ತದೆ.