ಓದುಗರ ಪ್ರಶ್ನೆ: ಕಿವಿಗೆ ದಾರಿ, ಕಣ್ಣಿಗೆ ರಸ್ತೆ

ಪ್ರಶ್ನೆ: ಸಾಮಾನು ತಲುಪಿಸಲು ಮುಳ್ಳೇರಿಯ, ಆದೂರು, ಜಾಲ್ಸೂರು ದಾರಿಯಾಗಿ ಸುಳ್ಯದವರೆಗೆ ಬೈಕಿನಲ್ಲಿ ಹೋಗುತ್ತೇನೆ. ಹೆಲ್ಮೆಟ್ ಹಾಕಿದರೆ ಮೊಬೈಲಿನ ಸ್ವರ ಕೇಳುವುದಿಲ್ಲ. ಇಯರ್‌ಬಡ್ ಹಾಕಿದರೆ ಹೆಲ್ಮೆಟ್ ತೆಗೆಯುವಾಗ ಉದುರುತ್ತದೆ, ನಡುವೆ ತಾನಾಗಿ ನಿಂತೂ ಹೋಗುತ್ತದೆ. ಸ್ವರವೇ ಬೇಡವೆಂದು ಪರದೆ ನೋಡಿಕೊಂಡು ಹೋಗಬಹುದೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ದಯವಿಟ್ಟು ಬೇಡ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಪರದೆಗೆ ಕಣ್ಣು ಹಾಯಿಸಿದರೆ ಬೈಕು 33 ಮೀಟರ್ ಮುಂದೆ ಹೋಗಿರುತ್ತದೆ. ತಿರುವಿನ ಆಚೆ ಏನಿದೆಯೆಂದು ಕಾಣದ ನಮ್ಮ ರಸ್ತೆಗಳಲ್ಲಿ ಅದು ಸಣ್ಣ ದೂರವಲ್ಲ. ದಾರಿ ಕೇಳುವುದು ಕಿವಿಯ ಕೆಲಸ. ಪರದೆ ಬೇಕಾಗುವುದು ಕವಲಿನ ಮೊದಲು, ವೇಗ ಇಳಿಸಿದ ಮೇಲೆ, ಖಾತರಿಗೆ ಮಾತ್ರ.

ನಿಮ್ಮ ಇಯರ್‌ಬಡ್ ನಿಲ್ಲುವುದು ಅದು ಕೆಟ್ಟದ್ದರಿಂದ ಇರಲಾರದು. ಮುಟ್ಟಿದರೆ ಕೆಲಸ ಮಾಡುವ ಬಡ್ ಆದರೆ ಹೆಲ್ಮೆಟಿನ ಸ್ಪಂಜು ತಾಗಿದ್ದನ್ನೂ ಬೆರಳೆಂದೇ ತಿಳಿಯುತ್ತದೆ. ಆ್ಯಪಿನಲ್ಲಿ ಸ್ಪರ್ಶದ ಆಯ್ಕೆ ಬಂದ್ ಮಾಡಿದರೆ ಅದು ಸರಿಹೋದೀತು. ಆದರೆ ಕಿವಿ ಮುಚ್ಚುವ ಬಡ್‌ನಿಂದ ಹಿಂದಿನ ಬಸ್ಸಿನ ಹಾರನ್ ಅಡಗುತ್ತದೆ, ಗದ್ದಲ ತಗ್ಗಿಸುವ ಬಗೆಯದಾದರೆ ಇನ್ನೂ ಹೆಚ್ಚು. ಹೆಲ್ಮೆಟಿನೊಳಗೆ ಅಂಟಿಸುವ ಬ್ಲೂಟೂತ್ ಸ್ಪೀಕರೇ ಮೇಲು.

ಅದನ್ನು ಕೂರಿಸುವುದರಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಹೆಲ್ಮೆಟ್ ಹಾಕಿಕೊಂಡು, ಕೆಳಗಿನಿಂದ ಬೆರಳು ತೂರಿಸಿ ಕಿವಿಯ ತೂತು ಎಲ್ಲಿದೆಯೆಂದು ಹುಡುಕಿ, ಅಲ್ಲಿ ಗುರುತು ಹಾಕಿ. ಸ್ಪೀಕರಿನ ನಡು ಆ ಗುರುತಿಗೇ ಬರಬೇಕು. ಒಂದು ಸೆಂ.ಮೀ. ಸರಿದರೂ ಸ್ವರ ಗಾಳಿಯಲ್ಲಿ ಮುಳುಗುತ್ತದೆ. ಕಿವಿಗೆ ಒತ್ತಲೂ ಬಾರದು, ಅರ್ಧ ಗಂಟೆಯಲ್ಲಿ ನೋವು ಶುರುವಾಗುತ್ತದೆ. ಜಾಗ ಸಾಲದಿದ್ದರೆ ಬಟ್ಟೆಯ ಪದರದ ಹಿಂದೆ ತೆಳು ಸ್ಪೀಕರ್ ಇಡಿ, ಒಳಗಿನ ಥರ್ಮಾಕೋಲನ್ನು ಮಾತ್ರ ಕೊರೆಯಬೇಡಿ. ಬಿದ್ದಾಗ ಪೆಟ್ಟು ಹೀರುವುದು ಅದೇ.

ಇನ್ನೊಂದು ಸೂಕ್ಷ್ಮ. ಸುಮ್ಮನಿದ್ದ ಬ್ಲೂಟೂತ್ ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಪದ ನುಂಗಿಹೋಗುವುದುಂಟು. ಇಂಗ್ಲಿಷ್ ಸ್ವರ ‘ಟರ್ನ್ ಲೆಫ್ಟ್’ ಎನ್ನುವಾಗ ಹೋಗುವುದು ‘ಟರ್ನ್’. ಕನ್ನಡ ಸ್ವರ ‘ಎಡಕ್ಕೆ ತಿರುಗಿ’ ಎನ್ನುವಾಗ ಹೋಗುವುದು ‘ಎಡಕ್ಕೆ’! ಬರೀ ‘ತಿರುಗಿ’ ಎಂದು ಕೇಳಿಸಿದರೆ ವೇಗ ಇಳಿಸಿ ಪರದೆಯ ಬಾಣ ನೋಡಿ. 200 ಮೀಟರ್ ಮೊದಲೇ ಸೂಚನೆ ಬಂದರೆ 40ರ ವೇಗದಲ್ಲಿ ನಿಮಗೆ 18 ಸೆಕೆಂಡು ಇದೆ, ಗಡಿಬಿಡಿ ಬೇಡ.

ಪ್ರಶ್ನೆ: ಹೆದ್ದಾರಿ 66ರಲ್ಲಿ ಮ್ಯಾಪ್ ‘ಎಡಕ್ಕೆ’ ಎನ್ನುವಲ್ಲಿ ಗೋಡೆ ಇರುತ್ತದೆ. ಜಿಪಿಎಸ್ ಕೆಟ್ಟಿದೆಯೇ?
— ಓದುಗರೊಬ್ಬರು, ಉಪ್ಪಳ

ಉತ್ತರ: ಕೆಟ್ಟಿಲ್ಲ. ಬಯಲಿನಲ್ಲೂ ಮೊಬೈಲಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುವುದು ಸಹಜ. ಆರು ಪಥದ ರಸ್ತೆಗೂ ಸರ್ವಿಸ್ ರಸ್ತೆಗೂ ನಡುವಿನ ಅಂತರ ಅದಕ್ಕಿಂತ ಹೆಚ್ಚೇನಿಲ್ಲ, ಹಾಗಾಗಿ ನೀವು ಯಾವುದರಲ್ಲಿದ್ದೀರಿ ಎಂಬುದನ್ನು ಅದು ಊಹಿಸುತ್ತದೆ. ಊಹೆ ತಪ್ಪಿದರೆ ಸೂಚನೆಯೂ ತಪ್ಪುತ್ತದೆ. ಕೆಲಸ ನಡೆದಂತೆ ಇಳಿದಾರಿಗಳು ಬದಲಾಗಿ, ನಕ್ಷೆ ಹಿಂದೆ ಬಿದ್ದಿರುವುದೂ ಇದೆ. ಹೊರಡುವ ಮುನ್ನ ಎಲ್ಲಿ ಸರ್ವಿಸ್ ರಸ್ತೆಗೆ ಇಳಿಯಬೇಕೆಂದು ದೊಡ್ಡದು ಮಾಡಿ ನೋಡಿಕೊಳ್ಳಿ. ತಪ್ಪಿದರೆ ಮುಂದಿನ ಅಂಡರ್‌ಪಾಸ್‌ನಲ್ಲಿ ತಿರುಗಿ ಬನ್ನಿ, ಎದುರು ದಿಕ್ಕಿನಲ್ಲಿ ಖಂಡಿತ ಬರಬೇಡಿ.

ಪ್ರಶ್ನೆ: ಹ್ಯಾಂಡಲಿಗೆ ಯುಎಸ್‌ಬಿ ಚಾರ್ಜರ್ ಹಾಕಿಸಿದ್ದೇನೆ. ವಾರ ಕಳೆದರೆ ಸೆಲ್ಫ್ ಹಿಡಿಯುವುದಿಲ್ಲ.
— ಓದುಗರೊಬ್ಬರು, ಕುಂಬಳೆ

ಉತ್ತರ: ಚಾರ್ಜರಿನ ತಂತಿಯನ್ನು ಬ್ಯಾಟರಿಗೇ ನೇರ ಕೊಟ್ಟಿರಬೇಕು. ಮೊಬೈಲ್ ಸಿಕ್ಕಿಸದಿದ್ದರೂ ಅದರ ಸಣ್ಣ ದೀಪ, ವೋಲ್ಟ್ ತೋರಿಸುವ ಅಂಕಿ ಉರಿಯುತ್ತಲೇ ಇರುತ್ತವೆ. 15 ಮಿಲಿ ಆಂಪಿಯರ್ ಹೀರಿದರೂ ದಿನಕ್ಕೆ 0.36 ಆಂಪಿಯರ್-ಗಂಟೆ. ಸಣ್ಣ ಬೈಕಿನ 4 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಆರನೆಯ ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿ. ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ತಂತಿಗೆ ಬದಲಾಯಿಸಿ, ತಂತಿ ತೆಗೆದ ಜಾಗದ ಹತ್ತಿರವೇ 3 ಆಂಪಿಯರ್ ಫ್ಯೂಸ್ ಹಾಕಿಸಿ. ಮಳೆಗಾಲದಲ್ಲಿ ಕೇಬಲನ್ನು ಕೆಳಗೆ ಜೋತಾಡುವಂತೆ ಬಳಸಿ ತನ್ನಿ, ನೀರು ತೊಟ್ಟಿಕ್ಕಿ ಹೋಗುತ್ತದೆ. ಒದ್ದೆಯಾದ ಪೋರ್ಟಿಗೆ ಚಾರ್ಜರ್ ಸಿಕ್ಕಿಸಿದರೆ ಒಳಗಿನ ಪಿನ್ನು ಕಿಲುಬು ಹಿಡಿಯುತ್ತದೆ.

ಒಳ್ಳೆಯ ಮೊಬೈಲನ್ನು ಹ್ಯಾಂಡಲಿಗೆ ಕಟ್ಟಲೇಬೇಡಿ ಎಂಬುದು ನಮ್ಮ ಸಲಹೆ. ದೊಡ್ಡ ಎಂಜಿನಿನ ಬೈಕುಗಳ ಕಂಪನದಿಂದ ಐಫೋನಿನ ಕ್ಯಾಮೆರಾ ಕೆಡಬಹುದೆಂದು ಆ್ಯಪಲ್ ಸಂಸ್ಥೆಯೇ 2021ರಲ್ಲಿ ಎಚ್ಚರಿಸಿದೆ. ಮನೆಯಲ್ಲಿ ಬಿದ್ದಿರುವ ಹಳೆಯ ಮೊಬೈಲನ್ನು ಹ್ಯಾಂಡಲಿಗೆ ಹಾಕಿ, ಕಿಸೆಯಲ್ಲಿರುವುದರಿಂದ ಹಾಟ್‌ಸ್ಪಾಟ್ ಕೊಡಿ.

ಪ್ರಶ್ನೆ: ಬಂದಡ್ಕ, ಕುತ್ತಿಕೋಲು ಕಡೆ ನೆಟ್‌ವರ್ಕ್ ಹೋದರೆ ಮ್ಯಾಪ್ ನಂಬಬಹುದೇ?
— ಓದುಗರೊಬ್ಬರು, ಚೆರ್ಕಳ

ಉತ್ತರ: ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಅದು ನೇರ ಉಪಗ್ರಹದಿಂದ ಬರುತ್ತದೆ. ನೆಟ್‌ವರ್ಕ್ ಬೇಕಾಗುವುದು ನಕ್ಷೆಗೆ. ಮನೆಯ ವೈಫೈಯಲ್ಲಿ ಕಾಸರಗೋಡು, ಸುಳ್ಯ, ಪುತ್ತೂರು ಸೇರುವಷ್ಟು ಚೌಕದ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ. ಆಫ್‌ಲೈನ್‌ನಲ್ಲಿ ಸಿಗುವುದು ಕಾರಿನ ದಾರಿ, ವಾಹನ ದಟ್ಟಣೆಯ ಸುದ್ದಿ ಸಿಗುವುದಿಲ್ಲ.

ನಂಬಿಕೆಯ ಮಾತು ಬೇರೆ. ಹೊಳೆ ತುಂಬಿದೆಯೋ ಇಲ್ಲವೋ ನಕ್ಷೆಗೆ ಗೊತ್ತಿಲ್ಲ. 2024ರ ಜೂನ್ ಕೊನೆಯಲ್ಲಿ, ಬೆಳಕು ಹರಿಯುವ ಮೊದಲು, ಮ್ಯಾಪ್ ನೋಡಿಕೊಂಡು ಕರ್ನಾಟಕದ ಆಸ್ಪತ್ರೆಗೆ ಹೊರಟ ಇಬ್ಬರ ಕಾರು ಪಳ್ಳಂಜಿಯಲ್ಲಿ ತಡೆಗೋಡೆಯಿಲ್ಲದ ಸೇತುವೆಯಿಂದ ಕೊಚ್ಚಿಹೋಯಿತು. ಕಾರು ಮರಕ್ಕೆ ಸಿಕ್ಕಿಕೊಂಡದ್ದರಿಂದ ಇಬ್ಬರೂ ಹೊರಬಂದು ಬದುಕಿದರು, ಅಗ್ನಿಶಾಮಕದವರು ಹಗ್ಗ ಹಾಕಿ ದಡಕ್ಕೆ ತಂದರು. ಬೈಕಿಗೆ ಅಂಥ ಆಸರೆಯೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮ್ಯಾಪಿನ ಹತ್ತಿರದ ದಾರಿ ಬಿಟ್ಟು, ಬಸ್ಸು ಹೋಗುವ ಊರುಗಳನ್ನು ನಡುವಿನ ನಿಲುಗಡೆಯಾಗಿ ಸೇರಿಸಿ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಆಳ ನೋಡಲು ಇಳಿಯಬೇಡಿ, ತಿರುಗಿಸಿ.

ಪ್ರಶ್ನೆ: ಮ್ಯಾಪ್ ನೋಡಿದ್ದಕ್ಕೆ ದಂಡ ಹಾಕುತ್ತಾರೆಯೇ?
— ಓದುಗರೊಬ್ಬರು, ಮಂಜೇಶ್ವರ

ಉತ್ತರ: 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮದಂತೆ, ಓಡಿಸುವಾಗ ಮೊಬೈಲನ್ನು ದಾರಿ ತಿಳಿಯಲು ಮಾತ್ರ, ಗಮನ ಕೆಡದ ಹಾಗೆ ಬಳಸಬಹುದು. ಸ್ಟ್ಯಾಂಡಿನಲ್ಲಿಡಿ, ಕೈಯಲ್ಲಿ ಹಿಡಿಯಬೇಡಿ. ಕರೆ ಬಂದರೆ ಬದಿಗೆ ನಿಲ್ಲಿಸಿ ಮಾತಾಡಿ.