ಕಿಲಿಮಂಜಾರೋ: ಐದು ದಿನವೋ, ಏಳು ದಿನವೋ?

ಪ್ರಶ್ನೆ: ನನಗೆ 52 ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಬರುವ ಜನವರಿಯಲ್ಲಿ ಮಗಳೊಂದಿಗೆ ಟಾಂಜಾನಿಯಾದ ಕಿಲಿಮಂಜಾರೋ ಪರ್ವತ ಹತ್ತುವ ಆಸೆಯಿದೆ. ಮರಾಂಗು ದಾರಿಯಲ್ಲಿ ಐದು ದಿನದ ಚಾರಣವಾದರೆ ಏಳು ದಿನದ ಮಚಾಮೆ ದಾರಿಗಿಂತ ಖರ್ಚು ಬಹಳ ಕಡಿಮೆ ಎನ್ನುತ್ತಾರೆ. ಪ್ರತಿ ಭಾನುವಾರ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ಈ ತಯಾರಿ ಸಾಕೆ? ನಾವು ಸಸ್ಯಾಹಾರಿಗಳು.
– ಓದುಗರೊಬ್ಬರು, ಮಂಡ್ಯ

ಉತ್ತರ: ಮೆಟ್ಟಿಲು ಹತ್ತುವುದನ್ನು ಬಿಡಬೇಡಿ, ಬೆನ್ನಿಗೆ ಐದಾರು ಕಿಲೋ ಭಾರ ಹಾಕಿಕೊಂಡು ಹತ್ತಿ, ಇಳಿಯುವಾಗಲೂ ಮೆಟ್ಟಿಲುಗಳಲ್ಲೇ ಇಳಿಯಿರಿ. ಆದರೆ ಇದರಿಂದ ಕಾಲು ಗಟ್ಟಿಯಾಗುತ್ತದೆಯೇ ಹೊರತು ಎತ್ತರಕ್ಕೆ ದೇಹ ಒಗ್ಗುವುದಿಲ್ಲ. ನಮ್ಮ ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಇದ್ದರೆ, ಮರಾಂಗು ದಾರಿ ಶುರುವಾಗುವ ದ್ವಾರವೇ ಸುಮಾರು 1,860 ಮೀಟರ್ ಎತ್ತರದಲ್ಲಿದೆ. ಶಿಖರವಾದ ಉಹುರು ಇರುವುದು 5,895 ಮೀಟರ್‌ನಲ್ಲಿ, ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧದಷ್ಟು ಮಾತ್ರ.

ಐದು ದಿನದ ಯೋಜನೆಯಲ್ಲಿ ಎಲ್ಲೆಲ್ಲಿ ಮಲಗುತ್ತೀರಿ ಎಂಬುದನ್ನು ನೋಡಿ. ಮೊದಲ ರಾತ್ರಿ ಮಂದಾರಾ ಗುಡಿಸಲು, 2,700 ಮೀಟರ್. ಎರಡನೆಯದು ಹೊರೊಂಬೊ, 3,720. ಮೂರನೆಯದು ಕಿಬೊ, ಸುಮಾರು 4,700. ಆ ನಡುರಾತ್ರಿಯೇ ಶಿಖರದತ್ತ ಹೊರಡಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದೆಂಬುದು ವೈದ್ಯರ ಸಾಮಾನ್ಯ ಸಲಹೆ. ಇಲ್ಲಿ ಅದರ ಇಮ್ಮಡಿ ಏರುತ್ತೀರಿ, ಅದೂ ಒಂದರ ಹಿಂದೊಂದು ದಿನ. ಮಚಾಮೆಯಲ್ಲಿಯೂ ಎರಡನೆಯ ದಿನದ ಏರಿಕೆ ಜೋರಾಗಿಯೇ ಇದೆ; ಆದರೆ ಅನಂತರ ಸುಮಾರು 4,600 ಮೀಟರ್‌ನ ಲಾವಾ ಟವರ್‌ವರೆಗೆ ಹತ್ತಿ, ಮತ್ತೆ 4,000ಕ್ಕಿಂತ ತುಸು ಕೆಳಗಿರುವ ಬರಾಂಕೊಗೆ ಇಳಿದು ಮಲಗುವುದರಿಂದ ಮತ್ತು ಮರುದಿನ ಕರಂಗಾದಲ್ಲಿ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ತಂಗುವುದರಿಂದ ದೇಹಕ್ಕೆ ಹೊಂದಿಕೊಳ್ಳಲು ಅವಕಾಶ ಸಿಗುತ್ತದೆ. ಆದ್ದರಿಂದ ಏಳು ದಿನದ್ದನ್ನೇ ಆರಿಸಿಕೊಳ್ಳಿ. ಗುಡಿಸಲಿನಲ್ಲೇ ಮಲಗಬೇಕೆಂಬ ಹಟವಿದ್ದರೆ, ಮರಾಂಗುವಿನಲ್ಲಿ ಹೊರೊಂಬೊದಲ್ಲಿ ಒಂದು ರಾತ್ರಿ ಹೆಚ್ಚಿಗೆ ಉಳಿಯುವ ಆರು ದಿನದ ಯೋಜನೆ ಕೇಳಿ. ಹಣ ಉಳಿಸಲೇಬೇಕಾದರೆ ಹೋಟೆಲ್‌ನಲ್ಲೋ ಸಫಾರಿಯಲ್ಲೋ ಉಳಿಸಿ.

ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮೂತ್ರವನ್ನೂ ಹೆಚ್ಚಿಸುವ ಔಷಧ. ನಿಮ್ಮ ರಕ್ತದೊತ್ತಡದ ಮಾತ್ರೆಯೊಡನೆ ಅದು ಸರಿಹೋಗುವುದೇ ಎಂದು ವೈದ್ಯರನ್ನು ಕೇಳದೆ ನುಂಗಬೇಡಿ. ಸಲ್ಫಾ ಅಲರ್ಜಿಯಿದ್ದರೆ ಅದನ್ನೂ ತಿಳಿಸಿ. ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ, ಕುಳಿತಲ್ಲೇ ಏದುಸಿರು ಬಂದರೆ ತಕ್ಷಣ ಕೆಳಗಿಳಿಯುವುದೇ ಚಿಕಿತ್ಸೆ. ಆಗ ಮಾರ್ಗದರ್ಶಿಯೊಂದಿಗೆ ವಾದಿಸಬಾರದೆಂದು ಮಗಳಿಗೂ ಈಗಲೇ ಹೇಳಿಡಿ.

ಊಟದ ಚಿಂತೆ ಬೇಡ. ಟಾಂಜಾನಿಯಾದಲ್ಲಿ ಚಪಾತಿ ದಿನಬಳಕೆಯ ತಿನಿಸು. ಅನ್ನ, ಹುರುಳಿಕಾಯಿ, ಸೂಪು ಮಾಡಿಕೊಡುತ್ತಾರೆ. ಮೊದಲೇ ತಿಳಿಸಿದರಾಯಿತು. ಚಟ್ನಿಪುಡಿಯನ್ನು ಮಾತ್ರ ಕ್ಯಾರಿಬ್ಯಾಗಿನಲ್ಲಿ ಸುತ್ತಿ ಒಯ್ಯಬೇಡಿ, 2019ರಿಂದ ಅಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷಿದ್ಧ.

ಪ್ರಶ್ನೆ: ಮಾರ್ಗದರ್ಶಿಯಿಲ್ಲದೆ ನಾವೇ ಹತ್ತಬಹುದೇ?
– ವಿದ್ಯಾರ್ಥಿ, ಮೈಸೂರು

ಉತ್ತರ: ಇಲ್ಲ. 1991ರಿಂದ ಪರವಾನಗಿ ಪಡೆದ ಮಾರ್ಗದರ್ಶಿ ಕಡ್ಡಾಯ. ಹಣ ಕಟ್ಟುವ ಮುನ್ನ ಹಮಾಲಿಗಳ ಕೂಲಿ, ಊಟ, ಮಲಗುವ ಡೇರೆಯ ಬಗ್ಗೆ ಲಿಖಿತ ಉತ್ತರ ಪಡೆಯಿರಿ. ಒಬ್ಬನ ಹೊರೆ 20 ಕಿಲೋ ಮೀರಬಾರದೆಂಬ ನಿಯಮವಿದೆ, ಅತಿ ಅಗ್ಗದ ದರದ ಕೊರತೆಯನ್ನು ತುಂಬಿಕೊಡುವವರು ಬಹುಪಾಲು ಆ ಹಮಾಲಿಗಳೇ. ನೈರೋಬಿ ಅಥವಾ ಅಡಿಸ್ ಅಬಾಬಾ ಮೂಲಕ ವಿಮಾನವಿದ್ದರೆ ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡು, ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ.